ಅಂದಳು, ಎನ್ನಲಾಗಿದೆ

ಜೂನ್ 4, ಬೆಳಗ್ಗೆ 7.10

ಕಪ್ಪು ಕೋಟಿನ ಗುಂಡಿ ಹೊಲಿದೆ. ಕಾಫಿ ಎರಡನೆಯ ಸಲ ಬಿಸಿಗಿಟ್ಟಿದ್ದೇನೆ. ಇವತ್ತು ಬೋರ್ಡಿನ ಮೊದಲ ಮೀಟಿಂಗ್. ಕೋರ್ಟಿಗೆ ಬರುವ ಮಕ್ಕಳ ಜೊತೆ ಕೂತು, ಅವರ ಮಾತನ್ನು ನ್ಯಾಯಾಧೀಶರಿಗೆ ಮುಟ್ಟಿಸುವ ಸಂಸ್ಥೆ. ಇಪ್ಪತ್ತಾರು ವರ್ಷದ ವಕೀಲಿಕೆ ನೋಡಿ ಅವರೇ ಕರೆದದ್ದು, ನಾನು ಕೇಳಿಕೊಂಡು ಹೋದದ್ದಲ್ಲ. ಇದನ್ನು ನಿನ್ನೆಯಿಂದ ನಾಲ್ಕು ಜನಕ್ಕೆ ಹೇಳಿದ್ದೇನೆ, ಬೇಕೆಂದೇ.

ಅಮ್ಮ: "ಬೋರ್ಡ್ ಅಂದ್ರೆ? ಬಾಗಿಲಲ್ಲಿ ಒಂದು ಆಗ್ಲೇ ಇದ್ಯಲ್ಲೇ."

"ಅದಲ್ಲಮ್ಮ, ಆಡಳಿತ ಮಂಡಳಿ."

"ಹಾಗಾದ್ರೆ ಬಾಯಿ ಸ್ವಲ್ಪ ಕಮ್ಮಿ ಮಾಡ್ಕೋ."

ಅದೇ ದಿನ, ಸಂಜೆ

ಕೋರ್ಟಿನ ಹಿಂದಿನ ಕಟ್ಟಡ, ಎರಡನೆಯ ಮಹಡಿ. ಏಳು ಕುರ್ಚಿ, ಒಂದರ ಕಾಲಿನಡಿ ಮಡಿಸಿದ ರಟ್ಟು. ನನ್ನ ಪಾಲಿಗೆ ಬಂದ ಕೆಲಸ: ಸ್ವಯಂಸೇವಕರ ವರದಿಗಳನ್ನು ಕೋರ್ಟಿಗೆ ಕಳಿಸುವ ಮೊದಲು ನೋಡುವುದು. ಸ್ವಯಂಸೇವಕರಲ್ಲಿ, ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವರೊಬ್ಬರಿದ್ದಾರೆ, ಎಲ್ಲರಿಗೂ ಕಂಡಕ್ಟರಮ್ಮ. ಅವರದೇ ಮೊದಲ ವರದಿ. ಎಂಟು ವರ್ಷದ ಹುಡುಗಿ, ನಾಲ್ಕು ವರ್ಷದ ತಮ್ಮ. ತಾಯಿ ತೀರಿಕೊಂಡಿದ್ದಾಳೆ. ಅಪ್ಪನಿಗೆ ಹುಡುಗ ಮಾತ್ರ ಬೇಕು. ದೊಡ್ಡಮ್ಮ ಇಬ್ಬರನ್ನೂ ಸಾಕುತ್ತೇನೆ ಅನ್ನುತ್ತಾಳೆ.

ಗುಂಡಗಿನ ಕೈಬರಹ: 'ನಾನು ಪಕ್ಕದಲ್ಲಿ ಇಲ್ಲ ಅಂದ್ರೆ ತಮ್ಮ ಊಟ ನುಂಗಲ್ಲ, ಬಾಯಲ್ಲೇ ಇಟ್ಕೊಂಡಿರ್ತಾನೆ, ಅಂದಳು.'

ಎರಡು ಸಲ ಓದಿದೆ. ಆದರೆ ಇದು ಕೋರ್ಟಿಗೆ ಕೊಡುವ ಭಾಷೆಯೇ?

ಜೂನ್ 6

ತಿದ್ದಿ ಟೈಪ್ ಮಾಡಿಸಿದೆ. 'ಅಕ್ಕನ ಅನುಪಸ್ಥಿತಿಯಲ್ಲಿ ಬಾಲಕನು ಆಹಾರ ಸೇವಿಸುವುದಿಲ್ಲ ಎನ್ನಲಾಗಿದೆ.' ಮುತ್ತು ಪೋಣಿಸಿದ ಹಾಗಿದೆ, ನಾನೇ ಹೇಳಿಕೊಳ್ಳಬೇಕು. ಕಂಡಕ್ಟರಮ್ಮ ಊರಲ್ಲಿಲ್ಲ. ತೋರಿಸದೆ ಕಳಿಸಿಬಿಟ್ಟೆ.

ಜೂನ್ 15, ಮಧ್ಯಾಹ್ನ

ಬರೆಯಲು ಮನಸ್ಸಿಲ್ಲ…

ಅಪ್ಪನ ಕಡೆಯ ವಕೀಲ — ನನ್ನ ಆಫೀಸಿನಲ್ಲೇ ಪಳಗಿದವನು — ಕೋರ್ಟಿನಲ್ಲಿ ನನ್ನ ವರದಿ ಎತ್ತಿ ತೋರಿಸಿದ. "'ಎನ್ನಲಾಗಿದೆ' ಅಂತ ಸಂಸ್ಥೆಯವ್ರೇ ಬರ್ದಿದ್ದಾರೆ ಸ್ವಾಮಿ. ಯಾರಂದ್ರು? ಯಾವಾಗಂದ್ರು? ಅವ್ರಿಗೇ ನಂಬಿಕೆ ಇಲ್ಲ."

ಎದುರು ಪಕ್ಷದ ಮಾತು ಬರೆಯುವಾಗ ನಾವು ಹಾಕುವ ಪದ ಅದು. ನಾವು ಒಪ್ಪಿಲ್ಲ ಅನ್ನುವುದಕ್ಕೆ. ನಾನೇ ಅವನಿಗೆ ಕಲಿಸಿದ್ದೆ. ಕೈ ಅಭ್ಯಾಸಬಲದಿಂದ ಬರೆದುಬಿಟ್ಟಿದೆ. ಮಗುವಿನ ಮಾತನ್ನು ಗಾಳಿಸುದ್ದಿ ಮಾಡಿದೆ.

ಹದಿನೆಂಟಕ್ಕೆ ಆದೇಶ. ಅಲ್ಲಿಯವರೆಗೆ ಹುಡುಗ ಅಪ್ಪನ ಮನೆಗೆ. ಎತ್ತಿಕೊಂಡು ಹೋದರು.

ಮೆಟ್ಟಿಲಲ್ಲಿ ಕಂಡಕ್ಟರಮ್ಮ: "ಮೇಡಂ, ನಾನು ಬರ್ದಿದ್ದು 'ಅಂದಳು' ಅಂತ. ಅವ್ಳು ಅಂದಿದ್ದಕ್ಕೇ ಹಾಗೆ ಬರ್ದಿದ್ದು." ಬೈದಿದ್ದರೆ ವಾಸಿಯಿತ್ತು.

ಜೂನ್ 17

ಕೋರ್ಟಿಗೆ ಕೊಡುವ ಪ್ರಮಾಣಪತ್ರ ಸಿದ್ಧ. ತಪ್ಪು ನನ್ನದು, ಮೂಲ ಪುಟ ಇದು ಎಂದು. ಬೋರ್ಡಿನ ಅಧ್ಯಕ್ಷರಿಗೆ ಮುಜುಗರ: "ಇಷ್ಟು ಬಿಡಿಸಿ ಹೇಳ್ಬೇಕಾ? ಟೈಪಿಂಗ್ ದೋಷ ಅಂದ್ರೆ ಸಾಕಲ್ವಾ? ನಿಮ್ಮ ಹೆಸ್ರು ಏನಾಗ್ಬೇಕು?"

ಏನಾದರೂ ಆಗಲಿ ಅಂದೆ. ಟೈಪ್ ಮಾಡಿದವಳದೇನು ತಪ್ಪು? ಬೋರ್ಡಿನಿಂದ ತೆಗೆದರೆ ತೆಗೆಯಲಿ. ಸೇರಿ ಬರೀ ಹದಿಮೂರು ದಿನ…

ಜೂನ್ 18, ಸಂಜೆ 5

ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಗಲಿ. ಕೇಸು ಗೆದ್ದಾಗಲೂ ನಾನು ಇಷ್ಟು ನೆಟ್ಟಗೆ ನಿಂತಿರಲಿಲ್ಲ.

ನ್ಯಾಯಾಧೀಶರು ಕೈಬರಹದ ಪುಟ ಗಟ್ಟಿಯಾಗಿ ಓದಿದರು. ಅಪ್ಪನನ್ನು ಕೇಳಿದರು, "ಹುಡುಗ ಊಟ ಮಾಡ್ತಿದಾನಾ?"

ಅವನು ತಲೆ ಎತ್ತಲಿಲ್ಲ. "ಬಾಯಲ್ಲೇ ಇಟ್ಕೋತಾನೆ ಸ್ವಾಮಿ." ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

ಆದೇಶ: ಇಬ್ಬರೂ ದೊಡ್ಡಮ್ಮನ ಹತ್ತಿರ. ಭಾನುವಾರ ಅಪ್ಪ ಬಂದು ನೋಡಬಹುದು.

ಹೊರಗೆ ಕಾರಿಡಾರಿನಲ್ಲಿ ಕಂಡಕ್ಟರಮ್ಮ ನನ್ನನ್ನು ಮಕ್ಕಳ ಮುಂದಕ್ಕೆ ತಳ್ಳಿದರು. "ನೀವೇ ಹೇಳಿ." ಬಗ್ಗಿ ಕೂತು ಹೇಳಿದೆ.

ಹುಡುಗಿಗೆ ನಂಬಿಕೆ ಬರಲಿಲ್ಲ. "ನಾಳೆನೂ?"

"ನಾಳೆನೂ."

"ಸ್ಕೂಲ್ ರಜಾ ಬಂದಾಗ?"

ಆದೇಶದ ಪುಟ ತಿರುಗಿಸಿ ನೋಡಿಯೇ ಹೇಳಿದೆ. "ಆಗ್ಲೂ."

ತಮ್ಮನ ಕಡೆ ತಿರುಗಿದಳು. ನನ್ನತ್ತ ಬೆರಳು ಮಾಡಿದಳು. "ಇಬ್ರೂ ಒಟ್ಟಿಗೇ ಇರ್ತೀವಂತೆ ಕಣೋ. ಈ ಆಂಟಿ ಹೇಳಿದ್ರು."

ಹೌದು. ನಾನು ಹೇಳಿದೆ. ನಾನೇ ಅಂದದ್ದು.