ತಿಮೊಫೇಯ್ ಇಲ್ಲದ ಸಿನಿಮಾ

ಲೆನಿನ್‌ಗ್ರಾದ್,
೧೪ ಮಾರ್ಚ್ ೧೯೬೫

ಪ್ರೀತಿಯ ಕ್ಲಾವಾ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಬೆಚ್ಚನೆಯ ಬೂಟು ಹಾಕಿಕೊಳ್ಳದೆ ಅಂಗಳದ ಹಿಮ ಗೋರಲು ಹೋಗಬೇಡ. ನಾನು ಆರೋಗ್ಯವಾಗಿದ್ದೇನೆ. ಅದೊಂದು ಬಿಟ್ಟರೆ ಹೇಳಿಕೊಳ್ಳುವಂಥದ್ದು ನನ್ನಲ್ಲಿ ಏನೂ ಉಳಿದಿಲ್ಲ.

ಸಿನಿಮಾ ಮುಗಿಯಿತು. ನಿನ್ನ ಅಡುಗೆಮನೆಯಲ್ಲಿ ಮೂರು ದಿನ ಕೂತು, ನೀನು ಬಡಿಸಿದ ಎಲೆಕೋಸಿನ ಸಾರು ಕುಡಿಯುತ್ತ, ತಿಮೊಫೇಯ್ ಭಾವನ ಕಥೆ ಬರೆದುಕೊಂಡೆನಲ್ಲ, ಅದೇ. ಪ್ರಯೋಗಾಲಯದಲ್ಲಿ ವಿಕಿರಣದ ಯಂತ್ರ ಸಿಕ್ಕಿಹಾಕಿಕೊಂಡಾಗ, ಪ್ರಯೋಗ ನಿಲ್ಲಿಸಲು ಮನಸ್ಸಿಲ್ಲದ ಪ್ರೊಫೆಸರರು "ಐದೇ ನಿಮಿಷ ತಿಮೋಶಾ, ಒಳಗೆ ಹೋಗಿ ಬಿಡಿಸಿ ಬಾ" ಅಂದದ್ದು. ವಿಕಿರಣ ಅಳೆಯುವ ಮಾಪಕ ಕೆಟ್ಟಿದ್ದು ಅವರಿಗೆ ಗೊತ್ತಿದ್ದದ್ದು. ಮೆಕ್ಯಾನಿಕ್ ಆಗಿದ್ದ ಭಾವ ಹನ್ನೊಂದು ವಾರ ನರಳಿ ತೀರಿಹೋದದ್ದು. ಮೊದಲು ಎಲ್ಲವನ್ನೂ ಹಾಗೆಯೇ ಬರೆದಿದ್ದೆ, ನಂಬು.

ಸ್ಟುಡಿಯೋದ ಸಂಪಾದಕಿ ಅಗ್ನಿಯಾ ಲ್ವೊವ್ನಾ ಓದಿ ಕನ್ನಡಕ ತೆಗೆದಿಟ್ಟರು. "ವಿಜ್ಞಾನಿ ತಾನು ಹೊರಗೆ ನಿಂತು ಇನ್ನೊಬ್ಬನ್ನ ಸಾಯೋಕೆ ಕಳಿಸ್ತಾನಾ? ಇದನ್ನ ಯಾರು ಪಾಸ್ ಮಾಡ್ತಾರೆ ಗ್ಲೆಬ್? ಅವನೇ ಒಳಗೆ ಹೋಗ್ಲಿ ಬಿಡು." ಆಗುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಯಾರೂ ನನ್ನನ್ನು ಹೆದರಿಸಲೂ ಇಲ್ಲ. ಹಾಗಾದರೆ ಕಥೆಗೆ ಇನ್ನೂ ಕಳೆ ಬರುತ್ತದೆ ಅಂತ ನಾನೇ ಹೇಳಿದೆ. ಈಗ ಪ್ರೊಫೆಸರ್ ಮಾನವಕುಲಕ್ಕಾಗಿ ನಗುನಗುತ್ತ ಸಾಯುತ್ತಾನೆ. ಮೆಕ್ಯಾನಿಕ್ ಕೂಡ ಇದ್ದಾನೆ, ಸ್ಪ್ಯಾನರನ್ನು ಕಾಲ ಮೇಲೆ ಬೀಳಿಸಿಕೊಂಡು ಕುಂಟುವ ಕುಡುಕ. ಜನ ನಗಲಿ ಅಂತ.

ಆ ಪಾತ್ರ ಮಾಡಿದ ಮುದುಕ ನಟ ಒಮ್ಮೆ ಚಹಾ ಕುಡಿಯುವಾಗ ಕೇಳಿದ: "ಈ ಮನುಷ್ಯ ನಿಜವಾಗ್ಲೂ ಇದ್ನೇನಪ್ಪಾ? ಯಾಕೋ ಇವನಿಗೆ ಅನ್ಯಾಯ ಮಾಡ್ತಿದೀನಿ ಅನ್ಸುತ್ತೆ." ಇಲ್ಲ, ಬರೀ ಕಲ್ಪನೆ ಅಂದುಬಿಟ್ಟೆ. ನಿನ್ನೆ ಮೊದಲ ಪ್ರದರ್ಶನ. ಸ್ಪ್ಯಾನರ್ ಬಿದ್ದಾಗ ಸಭಾಂಗಣವೆಲ್ಲ ನಕ್ಕಿತು. ಅವರ ಜೊತೆ ನಾನೂ ನಕ್ಕೆ ಅಕ್ಕಾ. ಆಮೇಲೆ ಎಲ್ಲರೂ ಕೈಕುಲುಕಲು ಬಂದರು, ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ವಾರ್ಯಾ ಪುಟ್ಟಿಗೆ ಮುತ್ತು. ಅಪ್ಪ ಎಂಥವನಿದ್ದ ಅಂತ ಅವಳು ಕೇಳಿದರೆ ನೀನೇ ಹೇಳು, ನನ್ನ ಸಿನಿಮಾ ತೋರಿಸಬೇಡ.

ನಿನ್ನ ಮುಂದೆ ತಲೆ ಎತ್ತಲಾರದ ತಮ್ಮ,
ಗ್ಲೆಬ್

ತಾ.ಕ.: ಇಪ್ಪತ್ತೇಳನೇ ತಾರೀಖು, ಭಾವ ಇದ್ದ, ನೀನು ಈಗಲೂ ದುಡಿಯುವ ನಿಮ್ಮ ಸಂಸ್ಥೆಯ ಕ್ಲಬ್ಬಿನಲ್ಲೇ ಇದರ ಪ್ರದರ್ಶನ. ಮೊದಲು ಎರಡು ಮಾತಾಡಲು ನನ್ನನ್ನು ಕರೆದಿದ್ದಾರೆ. ಒಳಗೆ ಹೋದವರು ಯಾರು, ಕಳಿಸಿದವರು ಯಾರು, ಸುಳ್ಳು ಬರೆದವನು ಯಾರು, ಎಲ್ಲ ಹೇಳಬೇಕೆಂದಿದ್ದೇನೆ. ನನ್ನ ಕೆಲಸ ಹೋದರೆ ಹೋಗಲಿ. ಆದರೆ ಪ್ರೊಫೆಸರರು ಇನ್ನೂ ಅಲ್ಲೇ ಇದ್ದಾರೆ, ಮರುದಿನ ಅವರ ಕಣ್ಣೆದುರು ಕೆಲಸಕ್ಕೆ ಹೋಗಬೇಕಾದವಳು ನೀನು. ಹೋದ ಸಲ ನಿನ್ನನ್ನು ಕೇಳದೆ ಬದಲಾಯಿಸಿದೆ. ಈಗ ಕೇಳುತ್ತಿದ್ದೇನೆ. ಹೇಳಲೇ?