ಬಿಸಿ ಇಲ್ಲದ ಹಣೆ

ಅಪ್ಪಯ್ಯ,

ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ನಾನು ಮಾಡ್ತೀನಿ.

ಸೋಮವಾರ ನನ್ನ ಕೂಸು ಹಾಲು ಕುಡಿಯೋದನ್ನೇ ಬಿಟ್ಟಿತು. ಎತ್ತಿಕೊಂಡರೂ ಅಳಲಿಲ್ಲ, ಮೈಯೆಲ್ಲ ತಣ್ಣಗಿತ್ತು. ಅಮ್ಮ ನಿಮ್ಮ ಹಾಗೇ ಕೈ ಮಗುಚಿ ಅದರ ಹಣೆಗಿಟ್ಟು, "ಬಿಸಿ ಇಲ್ಲ ಕಣೇ, ಜ್ವರವೇ ಇಲ್ಲ. ಹಸಿ ಬಾಣಂತಿ ಹೊಸಿಲು ದಾಟಬೇಡ, ಅಗ್ಗಿಷ್ಟಿಕೆ ಹತ್ರ ಮಲಗಿಸು. ನಿಮ್ಮಪ್ಪಯ್ಯ ಇದ್ದಿದ್ರೂ ಇದನ್ನೇ ಹೇಳ್ತಿದ್ರು" ಅಂದ್ಲು.

ಹೇಳ್ತಿದ್ರಿ, ಗೊತ್ತು. ಅದಕ್ಕೇ ಆಟೋ ಕರೆಸಿ ತೀರ್ಥಹಳ್ಳಿಗೆ ಓಡಿದೆ.

ರಕ್ತಕ್ಕೇ ಸೋಂಕು ಸೇರಿತ್ತು. "ದೊಡ್ಡವರಾದ್ರೆ ಸಾಮಾನ್ಯವಾಗಿ ಚಳಿ ಬಂದು ನಡುಗ್ತಾರೆ, ಮೈ ಸುಡುತ್ತೆ. ಎಳೆಕೂಸು ಎಷ್ಟೋ ಸಲ ಹೀಗೆ ಸುಮ್ಮನೆ ತಣ್ಣಗಾಗಿಬಿಡುತ್ತೆ" ಅಂದ್ರು ಡಾಕ್ಟರು.

ನೀವು ನಡುಗಿದ್ರಿ ಅಪ್ಪಯ್ಯ. ಕಾಲಿಗೆ ಕತ್ತಿ ತಾಗಿದ ಗಾಯ ಕೀವಾಗಿ, ಕಂಬಳಿಯೊಳಗೆ ಗಡಗಡ ನಡುಗಿದ್ರಿ. ಸುಡೋ ಕೈಯಲ್ಲೇ ಸುಡೋ ಹಣೆ ಮುಟ್ಟಿಕೊಂಡು, "ಎಲ್ಲಿದೆ ಜ್ವರ?" ಅಂತ ನಮ್ಮನ್ನೇ ಗದರಿದ್ರಿ. ನೀವು ಗದರಿದ ಮೇಲೆ ಹತ್ತಿರ ಬರೋ ಧೈರ್ಯ ಆ ಮನೇಲಿ ಯಾರಿಗಿತ್ತು?

ಕೂಸು ಇವತ್ತು ಹಾಲು ಕುಡೀತು. ನಿಮ್ಮ ಹಣೆ ನಾನು ಮುಟ್ಟಿದ್ದು, ಅದು ತಣ್ಣಗಾದ ಮೇಲೆ.