ಕುಂಕುಮ ಹಚ್ಚಿದ ಬೋಲ್ಟು

ಬ್ಯಾಡಗಿ
ಬನ್ನಿಹಬ್ಬ, ೧೯೯೨

ಪ್ರೀತಿಯ ದೋಸ್ತ ಬಾಬಾಜಾನ,

ಸತ್ತವರಿಗೆ ಪತ್ರ ಬರೆಯುವವನು ಅರ್ಧ ಹುಚ್ಚ ಎಂದು ನನ್ನ ಹೆಂಡತಿ, ನಿನ್ನ ವೈನಿ ಗದಿಗೆವ್ವ ಬೆಳಿಗ್ಗೆಯಿಂದ ಗೊಣಗುತ್ತಿದ್ದಾಳೆ. ಉಳಿದರ್ಧವೂ ಆಗಿಹೋಗಲಿ ಎಂದು ಬರೆಯಲು ಕೂತಿದ್ದೇನೆ. ನೀನಿಲ್ಲದ ಮೊದಲ ದಸರೆ ಇದು.

ರಾಣೇಬೆನ್ನೂರಿನ ನಿನ್ನ ಗ್ಯಾರೇಜಿಗೆ ನನ್ನ ಹಳೆಯ ಮಾರಿಸ್ ಮೈನರ್ ಬಂದರೆ ನೀನು ಮಾತಾಡಿಸುವ ಮೊದಲು ಸೀನುತ್ತಿದ್ದೆ. ಮೆಣಸಿನಕಾಯಿ ವ್ಯಾಪಾರಿಯ ಕಾರು, ಡಿಕ್ಕಿ ತುಂಬ ಘಾಟು. "ಪ್ರಭ್ಯಾ, ಇದೇನು ಗಾಡಿನೋ, ಖಾರದ ಗಿರಣಿನೋ?" ಎನ್ನುತ್ತಿದ್ದೆ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚುತ್ತಿದ್ದೆ. ಅಷ್ಟು ಹೊತ್ತು ಅಲ್ಲಿ ಯಾರೂ ಕೆಮ್ಮುವಂತಿರಲಿಲ್ಲ.

ಆಮೇಲೆ ಆ ವಿಷಮಜ್ವರ. ಜ್ವರವೇನೋ ಹೋಯಿತು, ಹೋಗುವಾಗ ನಿನ್ನ ಎರಡೂ ಕಿವಿಗಳನ್ನು ಕರೆದುಕೊಂಡು ಹೋಯಿತು. ನೀನು ಗ್ಯಾರೇಜಿನ ಶಟರ್ ಎಳೆದು ಮನೆ ಹಿಡಿದೆ. "ಕಿವುಡ ಮಿಸ್ತ್ರಿ ಕಡೆ ಯಾರ ಗಾಡಿ ತರ್ತಾರಪಾ?" ಎಂದೆ. ನಾನು ಏನೇನೋ ಸಮಾಧಾನ ಹೇಳಿದೆ. ನನ್ನ ತುಟಿ ಅಲ್ಲಾಡುವುದನ್ನು ನೋಡಿ ನೀನು ತಲೆ ತಗ್ಗಿಸಿದೆ. ನಿನಗೆ ಓದು ಬರುತ್ತಿರಲಿಲ್ಲ, ಬರೆದು ತೋರಿಸುವಂತೆಯೂ ಇರಲಿಲ್ಲ. ಚಿಕ್ಕಂದಿನಿಂದ ಬಾಯಿ ಮುಚ್ಚದೆ ಹರಟಿದ ನಾವಿಬ್ಬರು ಅಂದು ಚಹಾ ಆರುವವರೆಗೂ ಸುಮ್ಮನೆ ಕೂತೆವು. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಅತ್ತೆ. ನನ್ನ ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ನಾನು ಹುಬ್ಬಳ್ಳಿಯಿಂದ ಆ ಟ್ಯೂನಿಂಗ್ ಮೀಟರ್ ತಂದದ್ದು ಅದಕ್ಕೇ. ಎಂಜಿನ್ ಎಷ್ಟು ಜೋರಾಗಿ ಸುತ್ತುತ್ತಿದೆ, ಕಿಡಿಯ ಪಾಯಿಂಟು ಸರಿಯಾಗಿ ಮುಚ್ಚಿ ತೆರೆಯುತ್ತಿದೆಯೇ ಎಂಬುದನ್ನು ಅದರ ಮುಳ್ಳೇ ತೋರಿಸುತ್ತದೆ, ಕಿವಿ ಬೇಕಿಲ್ಲ. ನಿನ್ನ ಮನೆಯಾಕೆ ಬಿಸ್ಮಿಲ್ಲಾಬಿ ನಿನ್ನನ್ನು ಹೆಚ್ಚುಕಡಿಮೆ ತಳ್ಳಿಕೊಂಡೇ ಗ್ಯಾರೇಜಿಗೆ ಬಂದಳು. ಎಲ್ಲ ಗಾಡಿಗೂ ಮಾಡುವಂತೆ ನೀನು ಕಪ್ಪು ಕ್ಲಿಪ್ಪನ್ನು ನನ್ನ ಕಾರಿನ ಮೈಗೆ, ಕೆಂಪನ್ನು ಕಿಡಿ ಹುಟ್ಟಿಸುವ ಕಾಯಿಲಿಗೆ ಹಚ್ಚಿದೆ. ನಾನು ಎಂಜಿನ್ ಶುರು ಮಾಡಿದೆ. ಮುಳ್ಳು ಏರುವ ಬದಲು ಸೊನ್ನೆಯ ಕೆಳಗೆ ಹೋಗಿ ಅಂಟಿಕೊಂಡಿತು. "ನೋಡು, ಇದೂ ನನ್ನ ಕೂಡ ಮಾತಾಡವಲ್ದು" ಎಂದವನೇ ಮೀಟರನ್ನು ನನ್ನ ಕೈಗಿಟ್ಟು ಹೊರಟೇಬಿಟ್ಟೆ.

ಬಾಗಿಲಲ್ಲಿ ನಿಂತವನು ಏನೋ ನೆನಪಾಗಿ ತಿರುಗಿ ಬಂದೆ. ಇದು ಹಳೆಯ ಇಂಗ್ಲಿಷ್ ಗಾಡಿ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಗಾಡಿಯ ಮೈಗೆ ಸೇರಿದರೆ ಇದರಲ್ಲಿ ಸೇರುವುದು ಪ್ಲಸ್. ನೀನೇ ಎಷ್ಟೋ ಸಲ ಅದಕ್ಕೆ ಬ್ಯಾಟರಿ ಕೂರಿಸಿದ್ದೆ, ದುಃಖದಲ್ಲಿ ಮರೆತಿದ್ದೆ. ಕ್ಲಿಪ್ಪುಗಳನ್ನು ಅದಲುಬದಲು ಮಾಡಿದೆ, ಕೆಂಪು ಮೈಗೆ, ಕಪ್ಪು ಕಾಯಿಲಿಗೆ. ಮುಳ್ಳು ಮೆಲ್ಲಗೆ ಎದ್ದು ಬಂತು. "ಕೇಳಾಕತ್ತೈತಿ ಪ್ರಭ್ಯಾ! ಖರೇನ ಕೇಳಾಕತ್ತೈತಿ!" ಎಂದು ಇಡೀ ಓಣಿಗೆ ಕೇಳುವಂತೆ ಒದರಿದೆ. ಬಿಸ್ಮಿಲ್ಲಾಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮುಂದೆ ಮರೆಯಬಾರದೆಂದು ನೀನು ಗದಿಗೆವ್ವನಿಗೆ ಹೇಳಿದ್ದು ನೆನಪಿದೆಯೇ? "ವೈನಿ, ಎಲ್ಲಾರೂ ಗಾಡಿಯ ಹಣಿಗೆ ಕುಂಕುಮ ಹಚ್ತಾರ. ನೀವು ಒಳಗ ಗಾಡಿಯ ಮೈಗಿರೋ ಈ ಬೋಲ್ಟಿಗೆ ಹಚ್ಚರಿ. ಕೆಂಪು ಕ್ಲಿಪ್ಪು ಇಲ್ಲೇ ಕುಂದ್ರಬೇಕು." ಅಂದಿನಿಂದ ಪ್ರತಿ ದಸರೆಯ ಖಂಡೇಪೂಜೆಗೆ ಅವಳು ಬಾನೆಟ್ ತೆಗೆಸಿ ಆ ಬೋಲ್ಟಿಗೇ ಕುಂಕುಮ ಹಚ್ಚುತ್ತಾಳೆ. ನೀನು ಶಟರ್ ತೆರೆದೆ, ಗಾಡಿಗಳು ಬಂದವು. ನಾನು ಆಕ್ಸಿಲೇಟರ್ ಒತ್ತುವುದು, ನೀನು ಮುಳ್ಳು ನೋಡಿ ನನ್ನನ್ನು ಬೈಯುವುದು, ಅದೇ ನಮ್ಮ ಹರಟೆಯಾಯಿತು.

ನೀನು ಹಾಸಿಗೆ ಹಿಡಿದಾಗ ನಾನು ಕಾರನ್ನು ನಿನ್ನ ಕಿಟಕಿಯ ಮುಂದೆ ತಂದು ನಿಲ್ಲಿಸಿದೆ. ನಿನಗೆ ಮಾತಾಡುವ ತ್ರಾಣವೂ ಉಳಿದಿರಲಿಲ್ಲ. ಎಂಜಿನ್ ಚಾಲೂ ಇಟ್ಟು ನಾನೇ ಮೀಟರ್ ಹಚ್ಚಿ ನಿನಗೆ ಕಾಣುವಂತೆ ಎತ್ತಿ ಹಿಡಿದೆ. ಗಾಬರಿಯಲ್ಲಿ ಕಪ್ಪನ್ನು ಮೈಗೆ ಹಚ್ಚಿದ್ದೆ, ಮುಳ್ಳು ಹಿಂದಕ್ಕೆ ಬಿತ್ತು. ನೀನು ಮಲಗಿದಲ್ಲಿಂದಲೇ ಅಂಗೈಯನ್ನು ಮೆಲ್ಲಗೆ ಮಗುಚಿ ತೋರಿಸಿದೆ. ನಾನು ಕ್ಲಿಪ್ಪು ಬದಲಿಸಿದೆ. ಮುಳ್ಳು ಎದ್ದಿತು. ನೀನು ಅದನ್ನು ನೋಡಿ, ಹಿಂದೆ ಎಂಜಿನ್ನಿಗೆ ಕಿವಿಗೊಡುವಾಗ ಮುಚ್ಚುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿದೆ. ಮರುದಿನ ಸುದ್ದಿ ಬಂತು.

ಮೀಟರನ್ನು ಬಿಸ್ಮಿಲ್ಲಾಬಿ ನನಗೇ ಕೊಟ್ಟಳು. ಈಗ ಗಾಡಿ ನೋಡುವವನು ಹಾವೇರಿಯ ತಿರಕಪ್ಪ, ಒಳ್ಳೆಯವನು. "ಎಲ್ಲಾ ಗಾಡಿಹಂಗ ಇದನ್ನೂ ಮೈನಸ್ ಮಾಡಿಬಿಡೂಣ್ರಿ, ಟೇಪ್ ರೆಕಾರ್ಡರ್ ಹಾಕಬಹುದು" ಎಂದ. ಬೇಡವೆಂದೆ. ಹಾಡಿಲ್ಲದಿದ್ದರೂ ಗಾಡಿ ಓಡುತ್ತದೆ.

ನಿನ್ನೆ ಖಂಡೇಪೂಜೆ. ಗದಿಗೆವ್ವ ಬೋಲ್ಟಿಗೆ ಕುಂಕುಮ ಹಚ್ಚಿ ಒಳಗೆ ಹೋದಳು. ನಾನು ಎಂಜಿನ್ ಶುರು ಮಾಡಿ ಮೀಟರ್ ತೆಗೆದೆ. ಬೇಕೆಂದೇ ಕಪ್ಪು ಕ್ಲಿಪ್ಪನ್ನು ಆ ಕುಂಕುಮದ ಮೇಲೆ ಹಚ್ಚಿದೆ. ಮುಳ್ಳು ಹಿಂದಕ್ಕೆ ಬಿತ್ತು. ಹಾಗೆಯೇ ಅದನ್ನು ಎತ್ತಿ ಹಿಡಿದು ನಿಂತೆ, ಎಲ್ಲಿಂದಲಾದರೂ ನಿನ್ನ ಅಂಗೈ ಮಗುಚೀತು ಎಂದು. ಕೈ ಸೋಲುವವರೆಗೂ ನಿಂತೆ ಬಾಬಾಜಾನ. ಕೊನೆಗೆ ನಾನೇ ಬದಲಿಸಿಕೊಂಡೆ.

ಇಂದು ಬನ್ನಿಹಬ್ಬ. ನಿನ್ನ ಪಾಲಿನ ಬನ್ನಿ ಎಲೆಯನ್ನು ಈ ಕಾಗದದಲ್ಲಿ ಮಡಚಿ ಇಟ್ಟಿದ್ದೇನೆ. ಅಲ್ಲಿ ನಿನಗೆ ಎಲ್ಲವೂ ಕೇಳಿಸುವಂತಾಗಲಿ, ನನ್ನ ಈ ಬಡಬಡಿಕೆಯೂ.

ನಿನ್ನ
ಪ್ರಭ್ಯಾ